ಲೀಟರಿಗೆ ಹತ್ತು

ಡಿಸೆಂಬರ್ ೩, ಮಂಗಳವಾರ

ನಮ್ಮ ಮನೆಗೆ ಸ್ಪೋರ್ಟ್ಸ್ ಕಾರು ಬಂದು ಇವತ್ತಿಗೆ ಹನ್ನೊಂದು ದಿನ. ಈ ಹನ್ನೊಂದು ದಿನವೂ ದಿನಚರಿ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ತಂದವರು ಈ ಮನೆಯ ಯಜಮಾನರು, ಅಂದರೆ ನನ್ನ ಗಂಡ ನಂದಕುಮಾರ್. ವಯಸ್ಸು ಐವತ್ತೆರಡು. ಹನ್ನೆರಡು ಪವರ್‌ಲೂಮುಗಳ ಒಡೆಯರು. ಮಲಗುವಾಗಲೂ ಸೊಂಟನೋವಿನ ಬೆಲ್ಟು ಬಿಚ್ಚದವರು. ಬೆಂಗಳೂರಿನಲ್ಲಿ ಯಾರೋ ಆರು ವರ್ಷ ಓಡಿಸಿ ಬೇಸರಪಟ್ಟುಕೊಂಡ ಕೆಂಪು ಕಾರು ಅದು. ಎರಡೇ ಬಾಗಿಲು, ಎರಡೇ ಸೀಟು, ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮೊದಲ ಹಂಪಿನ ಮೇಲೆ ಅದು ನರಳಿದ್ದು ಮೂರು ಮನೆಗೆ ಕೇಳಿಸಿತಂತೆ.

ಅದನ್ನು ನಿಲ್ಲಿಸಿರುವುದು ಮನೆ ಮುಂದಿನ ಚಪ್ಪರದಲ್ಲಿ. ಆ ಜಾಗ ಅತ್ತೆಯದು. ಅತ್ತೆ ಗಂಗಲಕ್ಷ್ಮಮ್ಮ ಮೂವತ್ತು ವರ್ಷದಿಂದ ಅಲ್ಲಿ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ರಾಟೆ ಮುಂದಿಟ್ಟುಕೊಂಡು ನೂಲು ಸುತ್ತುತ್ತಿದ್ದರು. ಈಗ ಬಿಸಿಲು ಕಾರಿನ ಮೇಲೆ ಬೀಳುತ್ತದೆ. ಅತ್ತೆ ಅಡುಗೆಮನೆಯಲ್ಲಿ ನನ್ನ ಮೇಲೆ ಬೀಳುತ್ತಾರೆ.

ಇವತ್ತು ಬೆಳಿಗ್ಗೆ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಾಗ ಅತ್ತೆ ಪಂಚಾಯಿತಿ ಕರೆದರು.

"ಏನೋ ಇದು? ಗುಂಡಿ ಮಗ್ಗಕ್ಕೆ ಚಕ್ರ ಇಟ್ಕೊಂಡು ಬಂದಿದ್ದೀಯಲ್ಲೋ. ಗುಂಡಿಗೆ ಇಳಿದು ಕೂತ್ರೆ ಎಬ್ಬಿಸಕ್ಕೆ ಇಬ್ರು ಬೇಕು."

"ಅಮ್ಮಾ, ಲೀಟರಿಗೆ ಹನ್ನೊಂದು ಕೊಡುತ್ತೆ."

"ಯಾರು ಹೇಳಿದ್ದು?"

"ಮಾರಿದೋನು."

ಅತ್ತೆ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಕೊನೆಗೆ ಯಜಮಾನರು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. "ಸಂಕ್ರಾಂತಿ ಹಬ್ಬದ ಟ್ಯಾಂಕಿಗೆ ಲೀಟರಿಗೆ ಹತ್ತು ಬರ್ಲಿಲ್ಲ ಅಂದ್ರೆ ವಾಪಸ್ ಕೊಟ್ಬಿಡ್ತೀನಿ. ನಿನ್ ಜಾಗ ನಿಂಗೆ. ಬಂತು ಅಂದ್ರೆ ಆಮೇಲೆ ಯಾರೂ ಮಾತಾಡ್ಬಾರ್ದು."

"ಲೆಕ್ಕ ಯಾರು ಇಡೋದು? ನೀನಿಟ್ರೆ ನಲವತ್ತು ಬರೀತೀಯ. ಜ್ಯೋತಿ ಬರೀಲಿ. ಎಂ.ಎ. ಓದವ್ಳೆ, ಸುಳ್ಳು ಬರಿಯಲ್ಲ."

ಕನ್ನಡ ಎಂ.ಎ.ಯಲ್ಲಿ ಎರಡು ವರ್ಷ ನಾನು ಓದಿದ್ದೆಲ್ಲ ಸೊಗಸಾಗಿ ಹೇಳಿದ ಸುಳ್ಳುಗಳನ್ನೇ ಎಂದು ಅತ್ತೆಗೆ ಹೇಳಲಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು, ಹನ್ನೆರಡು ಮಗ್ಗ ಒಟ್ಟಿಗೆ ಶುರುವಾದವು, ಯಾರಿಗೂ ಏನೂ ಕೇಳಿಸದಾಯಿತು.

ನಾನು ಅತ್ತೆಯ ಪಕ್ಷ. ಕಾರು ಹೋಗಬೇಕು.

ಡಿಸೆಂಬರ್ ೫, ಗುರುವಾರ

ಮೊದಲ ಲೆಕ್ಕ. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು. ಹತ್ತು ಪಾಯಿಂಟ್ ಎಂಟು ಬಂತು. ಯಜಮಾನರು ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಹತ್ತೂ ಬೆರಳು ಎತ್ತಿ ತೋರಿಸಿದರು, ಆಮೇಲೆ ಎಂಟು. ಕೆಲಸಗಾರ ಗೋವಿಂದರಾಜು ಹದಿನೆಂಟು ಸೀರೆಯ ಆರ್ಡರ್ ಬಂದಿದೆ ಎಂದುಕೊಂಡು ತಲೆ ಆಡಿಸಿದ.

ನಮ್ಮ ಮನೆಯಲ್ಲಿ ಎಲ್ಲ ಸನ್ನೆಯೇ. ಬೆಳಿಗ್ಗೆ ಆರೂವರೆಯಿಂದ ರಾತ್ರಿ ಊಟದವರೆಗೆ ಗೋಡೆಯಾಚೆ ಮಗ್ಗ ಬಡಿಯುತ್ತಿರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೋಯಿತು, ಆಮೇಲೆ ಕೈ ಕಲಿತೆ. ಹೆಬ್ಬೆರಳು ಬಾಯಿಗೆ ಹಿಡಿದರೆ ಕಾಫಿ, ಮುಷ್ಟಿ ನೆತ್ತಿಗಿಟ್ಟರೆ ಅತ್ತೆ ಕರೆಯುತ್ತಿದ್ದಾರೆ, ಅಂಗೈ ಆಡಿಸಿದರೆ ಬೇಡ. ಕರೆಂಟ್ ಹೋದಾಗ ಮಾತಾಡಬಹುದು. ಆಗ ಯಜಮಾನರು ಕರೆಂಟ್ ಆಫೀಸಿನವರ ಜೊತೆ ಮಾತಾಡುತ್ತಿರುತ್ತಾರೆ. ಸನ್ನೆಯಲ್ಲಿ ಜಗಳ ಮಾಡುವುದು ಸುಲಭ. ಕ್ಷಮೆ ಕೇಳುವುದಕ್ಕೆ ಮಾತ್ರ ಇನ್ನೂ ಯಾರೂ ಸನ್ನೆ ಕಂಡುಹಿಡಿದಿಲ್ಲ.

ಡಿಸೆಂಬರ್ ೧೨, ಗುರುವಾರ

ಚಳಿ ಬಂತು. ಬೆಳಿಗ್ಗೆ ಮಗ್ಗದ ಮನೆಯಲ್ಲಿ ಮೈ ಕಾಯಿಸುವ ಶಾಸ್ತ್ರ ಶುರು. ಇದು ತೀರಿಹೋದ ಮಾವನವರು ಕೋದಂಡರಾಮಯ್ಯನವರ ಕಟ್ಟಳೆ: ಚಳಿಗಾಲದಲ್ಲಿ ಲಾಳಿ ಹಾಕದೆ, ನೇಯದೆ, ಮಗ್ಗವನ್ನು ಅರ್ಧ ಗಂಟೆ ಬರಿದೇ ಓಡಿಸಬೇಕು. ಎಣ್ಣೆ ಸಡಿಲವಾಗಿ, ಬೆಲ್ಟು ಬೆಚ್ಚಗಾದ ಮೇಲೆ ಕೆಲಸ. ಇಲ್ಲದಿದ್ದರೆ ನೂಲು ಕಡಿದುಕೊಂಡು ಇಡೀ ದಿನ ಸೇಡು ತೀರಿಸಿಕೊಳ್ಳುತ್ತದೆ.

ಯಜಮಾನರಿಗೆ ಇವತ್ತು ಹೊಳೆದಿದೆ: ಮಗ್ಗಕ್ಕೆ ಬೇಕು ಎಂದ ಮೇಲೆ ಕಾರಿಗೆ ಬೇಡವೇ?

ಏಳು ಗಂಟೆಗೆ ಚಪ್ಪರದಿಂದ ನನ್ನನ್ನು ಕೈ ಮಾಡಿ ಕರೆದರು. ಕಾರು ಗುರ್ರೆನ್ನುತ್ತಿತ್ತು. ಬಗ್ಗಿ, ಮಡಚಿ, ಸೀರೆ ಒಳಗೆಳೆದುಕೊಂಡು ಕೂತೆ. ಅವರು ಬಾಗಿಲು ಹಾಕಿದರು.

ಬಾಗಿಲು ಹಾಕಿದ ತಕ್ಷಣ ಮಗ್ಗಗಳ ಸದ್ದು ಎಲ್ಲೋ ಪಕ್ಕದೂರಿನಲ್ಲಿದ್ದಂತೆ ಕೇಳಿಸಿತು. ಕಾರಿನದೊಂದು ಸಣ್ಣ ಗುನುಗು, ಅಷ್ಟೆ. ಕಿವಿಗೆ ಏನೋ ಆಯಿತೆಂದು ಗಾಬರಿಯಾದೆ.

"ಅದೋ, ಆ ಮುಳ್ಳು. ಅದು ಮಧ್ಯಕ್ಕೆ ಬಂದಾಗ ಹೇಳು, ಇಂಜಿನ್ ಬಿಸಿ ಆಯ್ತು ಅಂತ," ಎಂದರು. ಸನ್ನೆಯಿಲ್ಲದೆ, ಬಾಯಲ್ಲಿ.

"ನೀವೇ ನೋಡ್ಬೋದಲ್ಲ."

"ಕನ್ನಡಕ ಇಲ್ಲ."

ಇಪ್ಪತ್ತು ನಿಮಿಷ ಕೂತಿದ್ದೆವು. ಅವರು "ಚಳಿ," ಎಂದರು. ನಾನು "ಹೂಂ," ಎಂದೆ. ನಾನು ಪಾಠ ಹೇಳುವ ಕಾಲೇಜಿಗೆ ತಡವಾಗುತ್ತದೆಂದು ಇಳಿದೆ, ಕಾಲೇಜಿರುವುದು ಹತ್ತು ಗಂಟೆಗೆ. ಅವರು ಸೀರೆಗಳನ್ನು ಹಿಂದಿನ ಗೂಡಿಗೆ ತುರುಕಿಕೊಂಡು ತೂಬಗೆರೆಗೆ ಹೋದರು. ಅಲ್ಲಿ ದ್ಯಾವಮ್ಮ ಎಂಬವಳು ಸೆರಗಿಗೆ ಕುಚ್ಚು ಕಟ್ಟಿಕೊಡುತ್ತಾಳೆ. ಹೋಗಿ ಬಂದು ಇಪ್ಪತ್ತೈದು ಕಿಲೋಮೀಟರ್.

ಡಿಸೆಂಬರ್ ೧೫, ಭಾನುವಾರ

ಒಂಬತ್ತು ಪಾಯಿಂಟ್ ಎರಡು. ಅತ್ತೆ ಇವತ್ತು ಪಾಯಸ ಮಾಡಿಸಿದರು, ಕಾರಣ ಹೇಳಲಿಲ್ಲ.

ಪೆಟ್ರೋಲ್ ಬಂಕಿನ ಕೆಂಪರಾಜ್ ಹೇಳಿದನಂತೆ, ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ಮೈಲೇಜ್ ಇಳಿಯುತ್ತದೆ ಎಂದು. ಗಾಳಿ ತುಂಬಿಸಿದ್ದಾಯಿತು.

ಡಿಸೆಂಬರ್ ೧೭, ಮಂಗಳವಾರ

ಯಜಮಾನರು ಕಾರಿನ ಮೂತಿಗೆ ಕಂಬಳಿ ಹೊದಿಸಿದ್ದಾರೆ. ಅದರ ಮೇಲೆ ಬಣ್ಣ ತಪ್ಪಿ ಮಾರಾಟವಾಗದೆ ಉಳಿದ ಏಳು ಸೀರೆ, ಮೇಲೆ ಒಂದು ಪಂಚೆ. ಬೆಳಿಗ್ಗೆ ಅತ್ತೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ನಿಂತರು.

"ಇದು ಕಾರೋ, ಬಾಣಂತೀನೋ?"

"ಅಮ್ಮಾ, ಇಂಜಿನ್ ಆಯಿಲ್ ಚಳಿಗೆ ಗಟ್ಟಿ ಆಗುತ್ತೆ. ಗಟ್ಟಿ ಆದ್ರೆ ತಿರುಗೋಕೆ ಕಷ್ಟ. ಕಷ್ಟ ಆದ್ರೆ ಪೆಟ್ರೋಲ್ ಜಾಸ್ತಿ."

"ಹಂಗಾದ್ರೆ ಕಿವಿಗೆ ಹತ್ತಿ ಇಡು. ಸಾಂಬ್ರಾಣಿ ಹೊಗೆ ಹಾಕು. ಹತ್ತು ದಿನ ತಣ್ಣೀರು ಮುಟ್ಟಿಸ್ಬೇಡ."

ಯಜಮಾನರು ಸಾಂಬ್ರಾಣಿಯ ಬಗ್ಗೆ ಒಂದು ಕ್ಷಣ ನಿಜವಾಗಿ ಯೋಚಿಸಿದ್ದನ್ನು ನಾನು ನೋಡಿದೆ.

ಮುಳ್ಳು ನೋಡಲು ಕೂತಾಗ ಇದನ್ನು ಹೇಳಿ ಸ್ವಲ್ಪ ನಕ್ಕೆವು. ಅರ್ಧ ಗಂಟೆ ಹಿಡಿಯಿತು.

ಡಿಸೆಂಬರ್ ೧೯, ಗುರುವಾರ

ಇವತ್ತಿನದನ್ನು ಬರೆಯಲೇಬೇಕು. ಹೊದಿಕೆ ತೆಗೆಯುವಾಗ ಒಂದು ಸೀರೆಯ ತುದಿ ಬಾನೆಟ್ಟಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇವರು ನೋಡದೆ ಹೊರಟರು. ಸಾಸಿವೆ ಬಣ್ಣದ ಆರು ಗಜವೂ ಕಾರಿನ ನೆತ್ತಿಯ ಮೇಲೆ ಹಾರುತ್ತ ತೂಬಗೆರೆಯವರೆಗೆ ಹೋಗಿದೆ. ದಾರಿಯಲ್ಲಿ ಜನ ಕೈ ಬೀಸಿದರಂತೆ, ಇವರೂ ಸಂತೋಷದಿಂದ ಬೀಸಿದರಂತೆ. ದ್ಯಾವಮ್ಮ ಕೈಯಲ್ಲಿದ್ದ ಕುಚ್ಚು ಬಿಟ್ಟು ಬೀದಿಗೆ ಬಂದಳಂತೆ.

"ಏನಣ್ಣೋ, ಕಾರಿಗೂ ಸೆರಗು ಬಿಟ್ಟಿದ್ದೀಯ, ಇದಕ್ಕೂ ಕುಚ್ಚು ಹಾಕ್ಲಾ?"

ಸಂಜೆ ಅದನ್ನೇ ನೋಡಿದ ಮೂವರು ಬಂದು ಸಾಸಿವೆ ಬಣ್ಣದ ಸೀರೆ ಇದೆಯಾ ಎಂದು ಕೇಳಿದರು. ಎರಡು ವರ್ಷದಿಂದ ಯಾರೂ ಮುಟ್ಟದ ಬಣ್ಣ.

ಡಿಸೆಂಬರ್ ೨೨, ಭಾನುವಾರ

ಎಂಟು ಪಾಯಿಂಟ್ ಆರು.

ಭಾನುವಾರವೆಂದು ನಾನೂ ತೂಬಗೆರೆಗೆ ಹೋಗಿ ಬಂದೆ. ಲೆಕ್ಕ ಬರೆಯುವವಳು ಒಂದು ಸಲವಾದರೂ ಪ್ರಯಾಣ ಮಾಡಬೇಕಲ್ಲ, ನ್ಯಾಯವಾಗಿ. ಹೊಲಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಏರಿನ ಹತ್ತಿರ ಇವರು ಕಾಲು ಒತ್ತಿದಾಗ ಕಾರು ನನ್ನ ಬೆನ್ನನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಹೋಯಿತು. ಎದುರಿಗಿದ್ದ ಹಾಲಿನ ಟೆಂಪೊ ಹಿಂದಿದ್ದ ಟೆಂಪೊ ಆಯಿತು.

ಊರು ತಲುಪಿ ನಿಲ್ಲಿಸಿದ ಮೇಲೆ ವಿವರಿಸಿದರು. ಓಡಿಸುವಾಗ ಇವರು ಒಂದು ಮಾತೂ ಆಡುವುದಿಲ್ಲ, ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು, ಮುಂದಿನ ಹಂಪನ್ನು ಶತ್ರುವಿನಂತೆ ಕಾಯುತ್ತಿರುತ್ತಾರೆ.

"ತಣ್ಣನೆ ಗಾಳಿ ದಪ್ಪ ಕಣೆ. ಒಂದೇ ಉಸಿರಿಗೆ ಜಾಸ್ತಿ ಗಾಳಿ ಒಳಗೆ ಹೋಗುತ್ತೆ, ಅದಕ್ಕೆ ಇಂಜಿನ್‌ಗೆ ಶಕ್ತಿ ಜಾಸ್ತಿ. ಚಳೀಲಿ ಇದು ಹುಲಿ."

"ಮತ್ತೆ ಮೈಲೇಜ್?"

"ಹುಲಿ ಜಾಸ್ತಿ ತಿನ್ನುತ್ತೆ."

ಮನೆಗೆ ಬಂದ ಮೇಲೂ ಇದನ್ನೇ ಯೋಚಿಸಿದೆ. ಚಳಿ ಒಂದು ಕೈಯಲ್ಲಿ ಬಲ ಕೊಡುತ್ತದೆ, ಇನ್ನೊಂದು ಕೈಯಲ್ಲಿ ಮಿತವ್ಯಯ ಕಿತ್ತುಕೊಳ್ಳುತ್ತದೆ. ಕಾವ್ಯಮೀಮಾಂಸೆ ಬರೆದವರು ಯಾರೂ ಹುಲಿಯ ಮೈಲೇಜಿನ ಬಗ್ಗೆ ಯೋಚಿಸಲಿಲ್ಲ. ನಷ್ಟ ಅವರದೇ.

ಡಿಸೆಂಬರ್ ೨೬, ಗುರುವಾರ

ಇವತ್ತು ಮುಳ್ಳು ನೋಡುವುದಕ್ಕೆ ಕಾಫಿಯನ್ನೂ ತೆಗೆದುಕೊಂಡು ಹೋಗಿದ್ದೆ. ಲೋಟ ಇಡಲು ಅಲ್ಲೊಂದು ಗುಂಡಿ ಇದೆ, ನಮ್ಮ ಲೋಟ ಹಿಡಿಸುವುದಿಲ್ಲ. ಮಾತಿಗೆ ಮಾತು ಬಂದು ಹಳೆಯದೊಂದು ಬಾಯಿಗೆ ಬಂತು. ಇಪ್ಪತ್ತು ವರ್ಷದ ಹಿಂದೆ ತುಮಕೂರಿನಲ್ಲಿ ಕವಿಗೋಷ್ಠಿ. ಎರಡು ದಿನದ ಮಟ್ಟಿಗೆ ಹೋಗಿಬರಲೇ ಎಂದು ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಕೇಳಿದ್ದೆ. ಕರಪತ್ರ ಕೂಡ ಎತ್ತಿ ತೋರಿಸಿದ್ದೆ. ಇವರು ಅಂಗೈ ಆಡಿಸಿದ್ದರು.

"ಬೇಡ ಅಂದ್ರಿ. ನಾನು ಮತ್ತೆ ಕೇಳಲಿಲ್ಲ."

ಇವರು ಲೋಟವನ್ನು ಮಂಡಿಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಕೆಂಪು ಕರಪತ್ರ?"

"ಹೂಂ."

"ನೀನು ಸೀರೆ ಬಣ್ಣ ತೋರಿಸ್ತಿದ್ದೀಯ ಅನ್ಕೊಂಡೆ. ಕೈ ಆಡ್ಸಿದ್ದು ನೊಣ ಓಡ್ಸಕ್ಕೆ ಕಣೆ. ಆವತ್ತು ನೂಲಿಗೆ ಹಾಕೋ ಗಂಜಿ ಬಾನಿ ತೆರೆದಿತ್ತು, ನೊಣ ಮುತ್ತಿತ್ತು."

ಇಪ್ಪತ್ತು ವರ್ಷ ಒಂದು ನೊಣದ ಮೇಲೆ ಮುನಿಸಿಕೊಂಡಿದ್ದೆ.

"ಅದಕ್ಕೇನಾ," ಎಂದರು ಇವರು, "ಆಮೇಲೆ ಒಂದು ತಿಂಗಳು ಸಾರಿಗೆ ಉಪ್ಪೇ ಇರಲಿಲ್ಲ? ನಾನು ಬಿ.ಪಿ.ಗೆ ಒಳ್ಳೇದು ಅಂತ ಮಾಡ್ತಿದ್ದೀಯ ಅನ್ಕೊಂಡು ಉಂಡೆ."

ಮುಳ್ಳು ಯಾವಾಗ ಮಧ್ಯಕ್ಕೆ ಬಂತೋ ಗಮನಿಸಲಿಲ್ಲ. ನಾಳೆಯಿಂದ ಗಮನವಿಟ್ಟು ನೋಡಬೇಕು, ಜವಾಬ್ದಾರಿಯ ಕೆಲಸ.

ಡಿಸೆಂಬರ್ ೨೯, ಭಾನುವಾರ

ಎಂಟು ಪಾಯಿಂಟ್ ಒಂದು. ಚಳಿ ನಿಜವಾಗಿಯೂ ಹೆಚ್ಚಾಗಿರಬೇಕು. ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಮಲಗಿದ್ದರಿಂದ ನನಗೆ ಸರಿಯಾಗಿ ಗೊತ್ತಾಗಲಿಲ್ಲ.

ಅತ್ತೆ ರಾಟೆಯ ಧೂಳು ಒರೆಸಿ ಇಟ್ಟಿದ್ದಾರೆ.

ಜನವರಿ ೨, ಗುರುವಾರ

ಕೈಯಲ್ಲಿ ಪುಸ್ತಕವಿತ್ತು, ಹಾಗೇ ಕಾರಿಗೆ ಹೋದೆ. "ಓದು," ಎಂದರು. ಇವರಿಗೆ ನಾನು ಪದ್ಯ ಓದಿ ಹೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ದೀರ್ಘ ಪದ್ಯ. ಒಬ್ಬ ಹೆಂಗಸು ಗಾಳಿಗೆ ಕಾಗದ ಬರೆಯುತ್ತಾಳೆ, ನೀನು ಬರುವಾಗ ಹೇಳಿ ಬಾ, ಹೋಗುವಾಗ ಹೇಳಿ ಹೋಗು ಎಂದು.

ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರು ಎಂದುಕೊಂಡೆ.

"ಗಾಳಿ ದಪ್ಪ ಇರುತ್ತೆ ಅನ್ನೋದನ್ನ ಹೇಳೇ ಇಲ್ವಲ್ಲ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಗಾಳಿ ಉತ್ತರ ಬರೀತಾ?"

ಅಷ್ಟರಲ್ಲಿ ಗೋವಿಂದರಾಜು ಬಂದು ಗಾಜು ತಟ್ಟಿದ. ನಾಲ್ಕನೇ ಮಗ್ಗದ ಬೆಲ್ಟು ಕಡಿದಿತ್ತು. ಪದ್ಯ ಅರ್ಧಕ್ಕೆ ನಿಂತಿತು. ನಲವತ್ತೈದು ನಿಮಿಷ.

ಜನವರಿ ೫, ಭಾನುವಾರ

ಏಳು ಪಾಯಿಂಟ್ ಆರು.

ಹೊಸಕೋಟೆಯಿಂದ ನನ್ನ ತಮ್ಮ ಮುರಳಿ ಬಂದಿದ್ದ. ಪಿಲ್ಲಗುಂಪೆಯಲ್ಲಿ ಇಂಜಿನ್ ಭಾಗ ತಯಾರಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಇವರು ಮನೆಯಲ್ಲಿರಲಿಲ್ಲ. ಲೆಕ್ಕದ ಪುಸ್ತಕ ನೋಡಿ ತಲೆ ಕೆರೆದುಕೊಂಡ.

"ಅಕ್ಕಾ, ಇದೇನು ಕಾಶ್ಮೀರಾನಾ? ನಮ್ಮೂರ ಚಳಿಗೆ ಅರ್ಧನೋ ಮುಕ್ಕಾಲೋ ಕಿಲೋಮೀಟರ್ ಕಮ್ಮಿ ಆಗ್ಬೋದು, ಅಷ್ಟೆ. ಇಂಜಿನ್ ಬಿಸಿ ಆಗೋವರ್ಗೂ ಸ್ವಲ್ಪ ಜಾಸ್ತಿ ಕುಡಿಯುತ್ತೆ, ನಿಜ. ಮೂರು ಕಮ್ಮಿ ಆಗಿದೆ ಅಂದ್ರೆ ಚಳಿ ಅಲ್ಲ. ಭಾವ ಎಲ್ಲೋ ನಿಂತಲ್ಲೇ ಉರಿಸ್ತಿದಾರೆ."

"ಬೆಳಿಗ್ಗೆ ಮೈ ಕಾಯಿಸ್ತಾರಪ್ಪ, ಮಗ್ಗಕ್ಕೆ ಮಾಡೋ ಹಾಗೆ."

"ಎಷ್ಟು ಹೊತ್ತು?"

"ಮುಕ್ಕಾಲು ಗಂಟೆ."

ಮುರಳಿ ಕಾಫಿ ಲೋಟ ಕೆಳಗಿಟ್ಟ. "ಅಕ್ಕಾ, ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಟುಬಿಟ್ರೆ ಓಡ್ತಾ ಓಡ್ತಾ ತಾನೇ ಬಿಸಿ ಆಗುತ್ತೆ. ಅದನ್ನ ನಿಲ್ಸಿ ನೋಡಿ, ಹತ್ತರ ಮೇಲೆ ಬರ್ಲಿಲ್ಲ ಅಂದ್ರೆ ನನ್ನ ಕೇಳಿ. ಮುಕ್ಕಾಲು ಗಂಟೆ ಅದ್ರೊಳಗೆ ಒಬ್ರೇ ಕೂತು ಏನ್ಮಾಡ್ತಾರೆ ಭಾವ?"

ಒಲೆಯ ಮೇಲೆ ಹಾಲಿಟ್ಟಿದ್ದೆನೇನೋ ಎಂದು ನೋಡಲು ಒಳಗೆ ಹೋದೆ. ಇಟ್ಟಿರಲಿಲ್ಲ.

ಇವರಿಗೆ ಹೇಳಬೇಕು. ನಾಳೆ ಬೆಳಿಗ್ಗೆ ಹೇಳುತ್ತೇನೆ.

ಜನವರಿ ೬, ಸೋಮವಾರ

ಹೇಳಲಿಲ್ಲ. ಮೈ ಕಾಯಿಸುವುದು ಮಾವನವರ ಕಟ್ಟಳೆ. ಅದು ತಪ್ಪು ಎಂದರೆ ಹಿರಿಯರಿಗೆ ಅವಮಾನ ಮಾಡಿದಂತಾಗುತ್ತದೆ. ಸಮಯ ನೋಡಿ ಹೇಳಬೇಕು.

ಜನವರಿ ೭, ಮಂಗಳವಾರ

ಇವತ್ತೂ ಆಗಲಿಲ್ಲ. ಮುರಳಿ ಓದಿದ್ದು ಡಿಪ್ಲೊಮಾ. ಎಲ್ಲ ಗೊತ್ತು ಎಂದು ಹೇಗೆ ಹೇಳುವುದು. ಪದ್ಯದ ಉಳಿದರ್ಧವನ್ನೂ ದಿನಾ ನಾಳೆಗೆ ಇಡುತ್ತಿದ್ದೇನೆ.

ಜನವರಿ ೮, ಬುಧವಾರ

ಹಬ್ಬದ ಟ್ಯಾಂಕ್ ತುಂಬಿಸಿದ್ದಾಯಿತು. ಇದರ ಲೆಕ್ಕವೇ ಕೊನೆಯದು. ಕಳೆದ ಟ್ಯಾಂಕ್ ಏಳು ಪಾಯಿಂಟ್ ನಾಲ್ಕು. ಇವರು ಆ ಸಂಖ್ಯೆಯನ್ನು ನೋಡಿ ಪುಸ್ತಕ ಮುಚ್ಚಿಟ್ಟರು. ಮಧ್ಯಾಹ್ನ ಕಾರಿನ ಪಕ್ಕ ನಿಂತು, ಕನ್ನಡಿಯ ಮೇಲಿದ್ದ ಹಕ್ಕಿಯ ಹಿಕ್ಕೆಯನ್ನು ಬೆರಳಿಗೆ ಪಂಚೆ ಸುತ್ತಿಕೊಂಡು ಒರೆಸುತ್ತಿದ್ದರು, ನಿಧಾನವಾಗಿ. ಕಿಟಕಿಯಿಂದ ನೋಡಿದೆ. ಹದಿನಾರನೇ ವಯಸ್ಸಿನಲ್ಲಿ ಇಂಥದೇ ಕಾರಿನ ಚಿತ್ರವನ್ನು ತಮ್ಮ ಮಗ್ಗದ ಕಂಬಕ್ಕೆ ಅಂಟಿಸಿಕೊಂಡಿದ್ದರಂತೆ, ಕಳೆದ ವಾರ ಕಾರಿನೊಳಗೆ ಹೇಳಿದ್ದರು.

ಅತ್ತೆ ಪಕ್ಕದ ಮನೆಯ ಲಕ್ಕಮ್ಮನಿಗೆ ಹೇಳುತ್ತಿದ್ದರು: "ಬರೋ ವಾರದಿಂದ ಬಿಸ್ಲಿಗೆ ಕೂರೋಣ ಬಾರೆ."

ಜನವರಿ ೯, ಗುರುವಾರ

ಏಳು ಗಂಟೆ. ಕಾರು ಗುನುಗುತ್ತಿತ್ತು. ಬಾಗಿಲು ಹಾಕಿಕೊಂಡ ತಕ್ಷಣ, ಧೈರ್ಯ ಕರಗುವುದರೊಳಗೆ ಹೇಳಿದೆ.

"ಆಫ್ ಮಾಡಿ."

"ಮುಳ್ಳು ಬಂತಾ?"

"ಅದು ಆರನೇ ನಿಮಿಷಕ್ಕೇ ಬರುತ್ತೆ. ದಿನಾ. ನಾನು ಹೇಳ್ತಿರಲಿಲ್ಲ."

"ಗೊತ್ತು."

"ಕನ್ನಡಕ ಇಲ್ದೆ ಹೇಗೆ ಗೊತ್ತು?"

ಇವರು ಜೇಬಿನಿಂದ ಕನ್ನಡಕ ತೆಗೆದು ತೋರಿಸಿ, ಮತ್ತೆ ಜೇಬಿಗಿಟ್ಟುಕೊಂಡರು.

ಮುರಳಿ ಹೇಳಿದ್ದನ್ನೆಲ್ಲ ಹೇಳಿದೆ. ನಿಂತಲ್ಲೇ ಉರಿಯುವುದರಿಂದಲೇ ಮೈಲೇಜ್ ಹೋಗುತ್ತಿರುವುದು, ಚಳಿಯದು ತಪ್ಪಿಲ್ಲ ಎಂದು. ನಾಲ್ಕು ದಿನ ಹೇಳದೆ ಇಟ್ಟುಕೊಂಡಿದ್ದೆ ಎಂದು. ಇವರಿಗೆ ಆಶ್ಚರ್ಯವೇ ಆಗಲಿಲ್ಲ.

"ಬಂಕಿನ ಕೆಂಪರಾಜ್ ಕ್ರಿಸ್‌ಮಸ್ ಹೊತ್ತಿಗೇ ಹೇಳ್ದ. 'ಅಣ್ಣಾ, ನಿಂತು ಕುಡಿಯೋ ಗಾಡಿ ಓಡಿ ಕೊಡಲ್ಲ, ಮೊದಲು ಆ ಚಾಳಿ ಬಿಡಿ' ಅಂದ."

"ಮತ್ತೆ ಯಾಕೆ ಬಿಡ್ಲಿಲ್ಲ? ಕಾರು ಹೋಗುತ್ತೆ ಅಂತ ಗೊತ್ತಿಲ್ವಾ ನಿಮಗೆ?"

ಸ್ಟಿಯರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದರು. ಧೂಳಿರಲಿಲ್ಲ.

"ನೀನು ಪದ್ಯ ಅರ್ಧಕ್ಕೆ ನಿಲ್ಸಿದ್ದೆ," ಎಂದರು.

"ಅದು ಹೋದ ಗುರುವಾರ. ಕೆಂಪರಾಜ್ ಹೇಳಿದ್ದು ಕ್ರಿಸ್‌ಮಸ್‌ಗೆ."

"ಆಗ ನೊಣದ ಮಾತು ನಡೀತಿತ್ತು."

ಇವರು ಕೀ ತಿರುಗಿಸಿ ಆಫ್ ಮಾಡಿದರು. ಗುನುಗು ನಿಂತಿತು. ಆಮೇಲೆ, ಹಬ್ಬದ ಟ್ಯಾಂಕಿಗೆ ಇನ್ನು ಐದೇ ದಿನ, ಇವತ್ತಿನಿಂದ ಕೂರುವುದು ಬೇಡ ಎಂದು ನಾನೇ ಹೇಳಿದೆ. "ಸರಿ," ಎಂದರು. ನಾನು ಇಳಿದೆ. ಅವರು ಸ್ಟಾರ್ಟ್ ಮಾಡಿದರು, ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೋದರು.

ಜನವರಿ ೧೦, ಶುಕ್ರವಾರ

ಏಳಕ್ಕೆ ಹೊರಟುಹೋದರು. ಕಾಫಿ ಎರಡು ಲೋಟ ಮಾಡಿಬಿಟ್ಟಿದ್ದೆ. ಒಂದನ್ನು ಅತ್ತೆ ಕುಡಿದರು.

ಜನವರಿ ೧೧, ಶನಿವಾರ

ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಇವರು ಎರಡು ಅಂಗೈಗಳನ್ನು ಪುಸ್ತಕದಂತೆ ಬಿಚ್ಚಿದರು. ಆಮೇಲೆ ಒಂದು ಕೈಯನ್ನು ಗಾಳಿಯಲ್ಲಿ ಅಲೆಯಂತೆ ಆಡಿಸಿ, ಬೆರಳಲ್ಲಿ ಬರೆದು, ಪ್ರಶ್ನೆ ಕೇಳಿದರು. ಗಾಳಿ ಉತ್ತರ ಬರೆಯಿತಾ?

ಹನ್ನೆರಡು ಮಗ್ಗಗಳು ಬಡಿಯುತ್ತಿರುವಾಗ ನಾನೂರು ಸಾಲಿನ ಪದ್ಯದ ಅಂತ್ಯವನ್ನು ಸನ್ನೆಯಲ್ಲಿ ಹೇಳುವುದು ಹೇಗೆ? ಪ್ರಯತ್ನ ಮಾಡಿದೆ. ಕೈ ಬೀಸಿದೆ, ಎದೆ ಮುಟ್ಟಿಕೊಂಡೆ, ಬಾಗಿಲು ತೆರೆದಂತೆ ಮಾಡಿದೆ. ಗೋವಿಂದರಾಜು ಇಬ್ಬರನ್ನೂ ಗಾಬರಿಯಿಂದ ನೋಡಿ, ಓಡಿಹೋಗಿ ನನಗೆ ಒಂದು ಲೋಟ ನೀರು ತಂದುಕೊಟ್ಟ.

ಜನವರಿ ೧೪, ಮಂಗಳವಾರ. ಸಂಕ್ರಾಂತಿ

ನಿನ್ನೆ ಸಂಜೆ ಟ್ಯಾಂಕ್ ತುಂಬಿಸಿದರು. ಇವತ್ತು ಹಬ್ಬಕ್ಕೆ ಮಗ್ಗ ರಜ. ಎಳ್ಳು ಬೆಲ್ಲದ ತಟ್ಟೆಯ ಮುಂದೆ ಮೂವರೂ ಕೂತೆವು. ನಾನು ಮೂರು ಸಲ ಭಾಗಾಕಾರ ಮಾಡಿದೆ. ಮೊದಲನೆಯ ಸಲ ಇಪ್ಪತ್ತಾರು ಬಂತು, ಹೊಡೆದುಹಾಕಿದೆ.

"ಹತ್ತು ಪಾಯಿಂಟ್ ಏಳು," ಎಂದೆ.

ಇವರು ಕಣ್ಣು ಮುಚ್ಚಿಕೊಂಡರು. ಅತ್ತೆ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಅಕ್ಷರ ಬಾರದಿದ್ದರೂ, ಎರಡು ಪುಟ ಹಿಂದಕ್ಕೆ ಎರಡು ಪುಟ ಮುಂದಕ್ಕೆ ತಿರುಗಿಸಿದರು.

"ಐದು ದಿನಕ್ಕೆ ಚಳಿ ಎಲ್ಲಿ ಹೋಯ್ತು?"

ಇವರು ತಟ್ಟೆಯಲ್ಲಿ ಬೆಲ್ಲದ ಚೂರು ಹುಡುಕತೊಡಗಿದರು.

"ಎಂ.ಎ. ಓದಿದೋಳು ಬರ್ದಿದ್ದು. ಒಪ್ಕೊಂಡೆ. ಕಾರಿರ್ಲಿ," ಎಂದರು. ಬಾಯಿಗೆ ಎಳ್ಳು ಹಾಕಿಕೊಂಡು ಅಗಿದರು. ಅಗಿಯುತ್ತ ಅಗಿಯುತ್ತ ಅವರ ಮುಖದಲ್ಲಿ ಏನೋ ತೀರ್ಮಾನವಾಯಿತು. "ಆದ್ರೆ ಬಿಸ್ಲು ಚಪ್ಪರಕ್ಕೆ ಬರೋದು ಎಂಟಕ್ಕೆ. ಎಂಟಕ್ಕೆ ಆ ಗುಂಡಿ ಮಗ್ಗ ಅಲ್ಲಿ ಇರ್ಬಾರ್ದು. ನಾನೂ ಲಕ್ಕಮ್ಮನೂ ಕೂರ್ತೀವಿ. ಮಧ್ಯಾಹ್ನದವರೆಗೂ ವಾಪಸ್ ತರಕೂಡದು, ಎಲ್ಲಿಗಾದ್ರೂ ಹೋಗಿ ಸಾಯಿ."

"ಆಗ್ಲಿ ಅಮ್ಮಾ."

"ಎಂಟಕ್ಕೆ ಮುಂಚೆ ಏನಾದ್ರೂ ಮಾಡ್ಕೊಳ್ಳಿ," ಎಂದು ನನ್ನ ಕಡೆ ನೋಡದೆ ಹೇಳಿದರು. "ಅದ್ರೊಳಗೆ ದಿನಾ ಮುಕ್ಕಾಲು ಗಂಟೆ ಏನು ಕಾಯಿಸ್ತಿದ್ರಿ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ."

ಜನವರಿ ೧೫, ಬುಧವಾರ

ಏಳು ಗಂಟೆಗೆ ಮಗ್ಗದ ಸದ್ದಿನ ನಡುವೆ ಹಾರ್ನ್ ಕೇಳಿಸಿತು. ಹೋದೆ. ಇವರು ಮಂಕಿ ಟೋಪಿ ಹಾಕಿಕೊಂಡು, ಕಾರಿಗೆ ಹೊದಿಸುತ್ತಿದ್ದ ಕಂಬಳಿಯನ್ನು ತಾವು ಹೊದ್ದು ಕೂತಿದ್ದರು. ಕಾರು ಸುಮ್ಮನಿತ್ತು.

"ಇಂಜಿನ್ ಆಫ್," ಎಂದರು. "ಒಂದು ಹನಿ ಪೆಟ್ರೋಲ್ ಖರ್ಚಿಲ್ಲ. ಬಾಗಿಲು ಹಾಕು, ಚಳಿ."

ನಮ್ಮ ಉಸಿರಿಗೇ ಗಾಜೆಲ್ಲ ಮಂಜಾಯಿತು. ಹೊರಗೆ ಗೋವಿಂದರಾಜು ಓಡಾಡುವುದು ಬರೀ ನೆರಳಿನಂತೆ ಕಾಣುತ್ತಿತ್ತು. ಪದ್ಯ ಮುಗಿಸಿದೆ. ಗಾಳಿ ಉತ್ತರ ಬರೆಯುವುದಿಲ್ಲ. ಇವರಿಗೆ ಅದು ಹಿಡಿಸಲಿಲ್ಲ. ಒಂದು ಸಾಲಾದರೂ ಬರೆಯಬಹುದಿತ್ತು ಎಂದು ಎಂಟು ಗಂಟೆಯವರೆಗೂ ವಾದ ಮಾಡಿದರು. ಕೊನೆಗೆ ಅತ್ತೆ ರಾಟೆಯ ಕೋಲಿನಿಂದ ಗಾಜು ತಟ್ಟಿದರು.

ಅವಸರದಲ್ಲಿ ಇಳಿಯುವಾಗ ಅಭ್ಯಾಸಬಲದಿಂದ ಲೆಕ್ಕದ ಪುಸ್ತಕ ತೆರೆದೆ. ಇವತ್ತಿನ ಈ ಒಂದು ಗಂಟೆಗೆ ಓಡಿದ್ದು ಸೊನ್ನೆ, ಕುಡಿದದ್ದು ಸೊನ್ನೆ.

"ಸೊನ್ನೇನ ಸೊನ್ನೆಯಿಂದ ಭಾಗಿಸಿದ್ರೆ ಲೀಟರಿಗೆ ಎಷ್ಟಾಯ್ತು?" ಎಂದು ಇವರು ಕೇಳಿದರು.

ನನ್ನದು ಕನ್ನಡ ಎಂ.ಎ. ಕಾಲೇಜಿನಲ್ಲಿ ಗಣಿತದವರನ್ನು ಕೇಳಿದೆ. ಅದಕ್ಕೆ ಉತ್ತರ ಯಾವುದು ಬೇಕಾದರೂ ಆಗಬಹುದು, ಆದ್ದರಿಂದ ಭಾಗಿಸಲೇಬಾರದು ಎಂದರು. ಆ ಕಡೆಯ ಮಾತನ್ನು ಬಿಟ್ಟು, ಮನೆಗೆ ಬಂದು ಹತ್ತು ಎಂದು ಬರೆದೆ.